ಎಂಪ್ಲಾಯ್ಮೆಂಟ್ ಎಕ್ಸ್‌ಚೇಂಜ್ ಯಾರ ಕೈಯಲ್ಲಿತ್ತು?

ಇವತ್ತಿನ ಮಾತು ನಮ್ಮಲ್ಲಿ ಹೆಚ್ಚಿನವರು ಒಮ್ಮೆಯೂ ಮೆಟ್ಟಿಲು ಹತ್ತದ ಒಂದು ಸರಕಾರಿ ಕಚೇರಿಯ ಬಗ್ಗೆ. ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು ಪರೀಕ್ಷೆ ಪಾಸಾದ ಕೂಡಲೇ ಅಲ್ಲಿಗೆ ಹೋಗಿ "ಕಾರ್ಡ್ ಮಾಡಿಸ್ತಾ" ಇದ್ರು. ಮೂರು ವರ್ಷಕ್ಕೊಮ್ಮೆ ರಿನ್ಯೂವಲ್. ಬೋರ್ಡಿನ ಮೇಲೆ "ಉದ್ಯೋಗ ವಿನಿಮಯ ಕಚೇರಿ" ಅಂತ ಇರ್ತಿತ್ತು. ಇವರು ಏನು ಕೊಟ್ಟು ಏನು ವಿನಿಮಯ ಮಾಡ್ಕೋತಾರೆ ಅಂತ ಚಿಕ್ಕಂದಿನಲ್ಲಿ ನನಗೆ ಆಶ್ಚರ್ಯ. ಆ ಪದ ಬಂದದ್ದು ಇಂಗ್ಲೆಂಡಿನಿಂದ. 1909ರ ಕಾಯ್ದೆಯ ಪ್ರಕಾರ ಅಲ್ಲಿ 1910ರಲ್ಲಿ ಲೇಬರ್ ಎಕ್ಸ್‌ಚೇಂಜ್‌ಗಳು ಬಾಗಿಲು ತೆರೆದವು.

ನಮ್ಮ ದೇಶಕ್ಕೆ ಅದು ಬರೋಕೆ ಇನ್ನೂ 35 ವರ್ಷ ಬೇಕಾಯ್ತು. ಅಲ್ಲಿವರೆಗೆ ಕೆಲಸ ಹೇಗೆ ಸಿಗ್ತಿತ್ತು? ಮುಂಬೈನಲ್ಲಿರೋರು ಪರೇಲ್, ಲಾಲ್‌ಬಾಗ್ ಕಡೆ ಓಡಾಡಿರ್ತೀರಿ. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ಆಳು ತೆಗೆದುಕೊಳ್ತಿದ್ದವನು ಜಾಬರ್. ಊರಿನವರನ್ನ, ಪರಿಚಯದವರನ್ನ ಗೇಟಿನ ಒಳಗೆ ಬಿಡೋನೂ ಅವನೇ, ಹೊರಗೆ ಹಾಕೋನೂ ಅವನೇ. ಅದಕ್ಕೆ ಕೆಲಸಗಾರನಿಂದ ದಸ್ತೂರಿ ವಸೂಲಿ. ಇವತ್ತು ನಾವು "ರೆಫರಲ್" ಅಂತೀವಲ್ಲ, ಅದರ ಮುತ್ತಜ್ಜ ಅನ್ನಿ. ವ್ಯತ್ಯಾಸ ಇಷ್ಟೇ, ಈಗ ದುಡ್ಡು ಕಂಪನಿ ಕೊಡತ್ತೆ, ಆಗ ಕೆಲಸ ಹಿಡಿದವನು ಕೊಡ್ತಿದ್ದ. ಕನ್ನಡದ ಹುಡುಗರಿಗಂತೂ ಮುಂಬೈನಲ್ಲಿ ದಾರಿ ತೋರಿಸಿದ್ದು ಉಡುಪಿ ಹೋಟೆಲು, ಊರಿನ ನಂಟು, ಕೆಲಸ ಮುಗಿಸಿ ಓದೋಕೆ ಕನ್ನಡ ರಾತ್ರಿ ಶಾಲೆ. ಸರಕಾರ ಆ ಚಿತ್ರದಲ್ಲಿ ಎಲ್ಲೂ ಇಲ್ಲ.

ಸರಕಾರ ಬಂದದ್ದು ಯುದ್ಧದ ಕಾರಣಕ್ಕೆ. ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನ. ಅವರನ್ನೆಲ್ಲ ಮನೆಗೆ ಕಳಿಸಬೇಕು, ಆದರೆ ಸುಮ್ಮನೆ ಕಳಿಸಿದ್ರೆ ಗಲಾಟೆ ಆದೀತು ಅನ್ನೋ ಭಯ. 1945ರ ಜುಲೈನಲ್ಲಿ ಪುನರ್ವಸತಿ ಮತ್ತು ಉದ್ಯೋಗದ ಮಹಾನಿರ್ದೇಶನಾಲಯ ಅಂತ ಒಂದು ಇಲಾಖೆ ಹುಟ್ಟಿತು. ಅದರ ಕೈಕೆಳಗೆ ಎಕ್ಸ್‌ಚೇಂಜ್‌ಗಳು. ಎರಡೇ ವರ್ಷದಲ್ಲಿ ದೇಶ ವಿಭಜನೆ. ಅದೇ ಕಚೇರಿಗಳ ಮುಂದೆ ಈಗ ನಿರಾಶ್ರಿತರ ಸಾಲು. 1948ರ ಆರಂಭದಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. ಅಂದ್ರೆ, ನಿರುದ್ಯೋಗಿಗಳಿಗಾಗಿ ಯೋಚನೆ ಮಾಡಿ ಕಟ್ಟಿದ ಸಂಸ್ಥೆ ಅಲ್ಲ ಇದು. ತುರ್ತಿಗೆ ಹಾಕಿದ ಚಪ್ಪರ ಹಾಗೇ ಉಳಿದುಕೊಂಡಿತು.

ಇದನ್ನ ಮುಂದುವರಿಸಬೇಕಾ, ಮುಂದುವರಿಸಿದ್ರೆ ಯಾರ ಕೈಲಿರಬೇಕು? ಇದನ್ನು ನೋಡೋಕೆ 1952ರ ನವೆಂಬರಿನಲ್ಲಿ ಒಂದು ಸಮಿತಿ ಆಯ್ತು. ಅಧ್ಯಕ್ಷರು ನಮ್ಮವರು, ಮಂಗಳೂರಿನ ಬೆನೆಗಲ್ ಶಿವರಾಯರು. ಸಂವಿಧಾನ ಸಲಹೆಗಾರ ಬಿ.ಎನ್. ರಾವ್, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ರಾಮರಾವ್ ಇವರ ಸಹೋದರರು. ಅವರ ನೆರಳಲ್ಲಿ ಶಿವರಾಯರ ಹೆಸರು ಸ್ವಲ್ಪ ಮರೆಯಾಗಿದೆ, ಅದು ನ್ಯಾಯವಲ್ಲ ಅನ್ಸತ್ತೆ ನನಗೆ. ಪತ್ರಕರ್ತರು, ಮದ್ರಾಸಿನ ಕಾರ್ಮಿಕ ಚಳವಳಿಯಲ್ಲಿ ಕೆಲಸ ಮಾಡಿದವರು, ಭಾರತದ ಕೈಗಾರಿಕಾ ಕಾರ್ಮಿಕರ ಬಗ್ಗೆ 1939ರಲ್ಲೇ ಪುಸ್ತಕ ಬರೆದವರು, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಗೆದ್ದವರು.

1954ರ ಏಪ್ರಿಲ್‌ನಲ್ಲಿ ವರದಿ ಬಂತು. ಕಚೇರಿಗಳು ಕಾಯಂ ಆಗಿರಲಿ, ದಿನನಿತ್ಯದ ಆಡಳಿತ ರಾಜ್ಯಗಳು ನೋಡಿಕೊಳ್ಳಲಿ, ನೀತಿ, ನಿಯಮ, ಗುಣಮಟ್ಟದ ಮೇಲ್ವಿಚಾರಣೆ ಕೇಂದ್ರದ್ದಾಗಿರಲಿ. ಖರ್ಚಿನಲ್ಲಿ ಕೇಂದ್ರಕ್ಕೆ 60, ರಾಜ್ಯಕ್ಕೆ 40ರ ಪಾಲು. ಇದು ಜಾರಿಗೆ ಬಂದ ದಿನ ಯಾವುದು ಗೊತ್ತಾ? 1956ರ ನವೆಂಬರ್ 1. ಹೌದು, ನಾವು ಪುಣೆ, ಚೆನ್ನೈ ಸಂಘಗಳಲ್ಲಿ ರಾಜ್ಯೋತ್ಸವ ಮಾಡೋ ಅದೇ ದಿನ. ಮುಂಬೈ, ಹೈದರಾಬಾದ್, ಮದ್ರಾಸ್ ಕಡೆಯ ಕನ್ನಡ ಜಿಲ್ಲೆಗಳು ಮೈಸೂರಿಗೆ ಸೇರಿದ ದಿನವೇ ಎಕ್ಸ್‌ಚೇಂಜ್‌ಗಳ ಬೀಗದ ಕೈ ರಾಜ್ಯಗಳಿಗೆ ಹೋಯ್ತು. 1969ರ ಏಪ್ರಿಲ್ 1ರಿಂದ ಹಣದ ಹೊಣೆಯೂ ಪೂರ್ತಿ ರಾಜ್ಯದ ಹೆಗಲಿಗೆ.

ನಮ್ಮಂಥ ಊರು ಬಿಟ್ಟವರಿಗೆ ಇದು ಬರೀ ಆಡಳಿತದ ವಿಷಯ ಅಲ್ಲ. ಭಾಷೆಯ ಗಡಿಯೂ ಉದ್ಯೋಗದ ಕೌಂಟರಿನ ಗಡಿಯೂ ಒಂದೇ ಆಗೋಯ್ತು. ನೀವು ಎಲ್ಲಿ ವಾಸ ಇದ್ದೀರೋ ಆ ವ್ಯಾಪ್ತಿಯ ಕಚೇರಿಯಲ್ಲೇ ಹೆಸರು ಬರೆಸಬೇಕು, ವಾಸದ ಪುರಾವೆ ತರಬೇಕು. ಬಾಡಿಗೆ ಖೋಲಿಯಲ್ಲಿ ಆರು ಜನ ಸೇರಿ ಇರೋನು ಪುರಾವೆ ಎಲ್ಲಿಂದ ತರ್ತಾನೆ? 1966ರಲ್ಲಿ ಮುಂಬೈನಲ್ಲಿ ಶಿವಸೇನೆ ದಕ್ಷಿಣದವರ ವಿರುದ್ಧ ನಿಂತಾಗಲೂ, 1983ರಲ್ಲಿ ಕರ್ನಾಟಕ ಸರೋಜಿನಿ ಮಹಿಷಿ ಸಮಿತಿ ನೇಮಿಸಿದಾಗಲೂ ಪ್ರಶ್ನೆ ಒಂದೇ: ಸ್ಥಳೀಯ ಅಂದ್ರೆ ಯಾರು? ಅಲ್ಲಿ ನಾವು ಆರೋಪಿಗಳು, ಇಲ್ಲಿ ನಾವೇ ದೂರುದಾರರು. ಎರಡೂ ಕುರ್ಚಿಯಲ್ಲಿ ಕೂತು ನೋಡಿದೋರು ಬಾಯಿ ಬಿಡೋ ಮುಂಚೆ ಸ್ವಲ್ಪ ಯೋಚಿಸ್ತಾರೆ.

ಇನ್ನು ಕಾಯ್ದೆ. 1959ರಲ್ಲಿ ಪಾಸಾಗಿ 1960ರ ಮೇ 1ರಿಂದ ಜಾರಿಗೆ ಬಂತು. ಎಲ್ಲ ಸರಕಾರಿ ಸಂಸ್ಥೆಗಳು, 25 ಅಥವಾ ಹೆಚ್ಚು ಜನ ಇರೋ ಖಾಸಗಿ ಕಂಪನಿಗಳು ಖಾಲಿ ಹುದ್ದೆಯನ್ನ ಎಕ್ಸ್‌ಚೇಂಜ್‌ಗೆ ತಿಳಿಸಲೇಬೇಕಿತ್ತು. ಹಿಂಜೆವಾಡಿಯ, ಹೈಟೆಕ್ ಸಿಟಿಯ ನಿಮ್ಮ ಆಫೀಸೂ ಇದರಲ್ಲಿ ಬಂತು! ಎಚ್‌ಆರ್‌ನಲ್ಲಿ ಇರೋರಿಗೆ ಇಆರ್-1 ಅನ್ನೋ ತ್ರೈಮಾಸಿಕ ಫಾರಂ ಗೊತ್ತಿರತ್ತೆ. ಆದರೆ ಅದೇ ಕಾಯ್ದೆ ಇನ್ನೊಂದು ಮಾತೂ ಹೇಳ್ತಿತ್ತು: ತಿಳಿಸೋದು ಕಡ್ಡಾಯ, ಅಲ್ಲಿಂದ ತೆಗೆದುಕೊಳ್ಳೋದು ಕಡ್ಡಾಯ ಅಲ್ಲ. ತಿಳಿಸದಿದ್ದರೆ ಮೊದಲ ಸಲ ದಂಡ 500 ರೂಪಾಯಿವರೆಗೆ, ಆಮೇಲೆ 1000. ಅದಕ್ಕೂ ಕೇಸ್ ಹಾಕಬೇಕಂದ್ರೆ ಸರಕಾರ ಗೊತ್ತುಮಾಡಿದ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಕಾಯ್ದೆ ದಿಲ್ಲಿಯದ್ದು, ತಪಾಸಣೆ ರಾಜ್ಯದ್ದು. ಎರಡು ಮನೆಯ ನೆಂಟ ಉಪವಾಸ ಅಂತಾರಲ್ಲ, ಹಾಗಾಯ್ತು.

ಆದ್ರೂ ಸರಕಾರಿ ಕೆಲಸಕ್ಕೆ ಈ ಕಾರ್ಡೇ ಬಾಗಿಲು ಅನ್ನೋ ಕಾಲ ಒಂದಿತ್ತು. ಎಕ್ಸ್‌ಚೇಂಜ್ ಕಳಿಸಿದ ಪಟ್ಟಿಯಲ್ಲಿದ್ರೆ ಮಾತ್ರ ಇಂಟರ್‌ವ್ಯೂ. ಕಡ್ಡಾಯ ಖಾಸಗಿಯವರಿಗೆ ಅಲ್ಲ, ಆದರೆ ಸರಕಾರ ತನ್ನ ಇಲಾಖೆಗಳಿಗೆ ಹಾಗೆ ಆದೇಶ ಕೊಡಬಹುದು ಅಂತ 1987ರಲ್ಲಿ ಹರಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1996ರಲ್ಲಿ ಆಂಧ್ರದ ಅಬಕಾರಿ ಇಲಾಖೆಯ ಒಂದು ಪ್ರಕರಣದಲ್ಲಿ ಮಾತು ಬದಲಾಯ್ತು: ಪಟ್ಟಿ ತರಿಸಿಕೊಳ್ಳಿ, ಜೊತೆಗೆ ಪತ್ರಿಕೆಯಲ್ಲೂ ಜಾಹೀರಾತು ಕೊಡಿ, ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಿ. ಕಾರ್ಡ್ ಇಲ್ಲದವನಿಗೆ ಇದು ನ್ಯಾಯ. ಹತ್ತು ವರ್ಷ ರಿನ್ಯೂವಲ್ ಮಾಡಿಸಿ ಸರದಿ ಕಾಯ್ತಿದ್ದವನಿಗೆ? ಸರದಿಯೇ ಮಾಯ. 2000ದ ಹೊತ್ತಿಗೆ ಲೈವ್ ರಿಜಿಸ್ಟರಿನಲ್ಲಿ 4 ಕೋಟಿಗೂ ಮೀರಿ ಹೆಸರುಗಳು, ವರ್ಷಕ್ಕೆ ಕೆಲಸ ಸಿಕ್ಕಿದ್ದು ಎರಡು ಲಕ್ಷದ ಆಸುಪಾಸು ಜನರಿಗೆ. ಆ 4 ಕೋಟಿಯಲ್ಲಿ ಓದ್ತಾ ಇರೋರೂ ಇದ್ದರು, ಬೇರೆ ಕೆಲಸದಲ್ಲಿ ಇದ್ದುಕೊಂಡೇ ಕಾರ್ಡ್ ಇಟ್ಟುಕೊಂಡವರೂ ಇದ್ದರು. ಹಾಗಾಗಿ ಅದನ್ನ ನಿರುದ್ಯೋಗದ ಲೆಕ್ಕ ಅಂತ ತೋರಿಸೋದು ಸರಿಯಲ್ಲ.

2015ರ ಜುಲೈನಲ್ಲಿ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್ ಬಂತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಹಳೇ 1959ರ ಕಾಯ್ದೆಯನ್ನ ತನ್ನೊಳಗೆ ಸೇರಿಸಿಕೊಂಡಿತು. ಎಕ್ಸ್‌ಚೇಂಜ್ ಹೋಗಿ "ಕೆರಿಯರ್ ಸೆಂಟರ್" ಆಯ್ತು, 25 ಹೋಗಿ 20 ಆಯ್ತು. ತಿಳಿಸೋದು ಕಡ್ಡಾಯ, ಅಲ್ಲಿಂದ ತೆಗೆದುಕೊಳ್ಳೋದು ಕಡ್ಡಾಯ ಅಲ್ಲ ಅನ್ನೋ ಮಾತು ಮಾತ್ರ ಹಾಗೇ ಇದೆ.