ಮೇರಿ ಡೆಕರ್–ಜೋಲಾ ಬಡ್ ಘಟನೆ

ಮೇರಿ ಡೆಕರ್–ಜೋಲಾ ಬಡ್ ಘಟನೆಯು 1984ರ ಆಗಸ್ಟ್ 10ರಂದು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಹಿಳೆಯರ 3000 ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ ಸಂಭವಿಸಿತು. ಓಟಗಾರ್ತಿಯರಿಬ್ಬರ ನಡುವೆ ಇದರಿಂದ ಹುಟ್ಟಿದ ವೈಮನಸ್ಯವು ಸಂಪೂರ್ಣವಾಗಿ ತಿಳಿಯಾಗಲು ಮೂರು ದಶಕಗಳೇ ಬೇಕಾದವು.

ಹಿನ್ನೆಲೆ

ಅಮೆರಿಕದ ಡೆಕರ್ 1983ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 1500 ಮತ್ತು 3000 ಮೀಟರ್ ಓಟಗಳೆರಡನ್ನೂ ಗೆದ್ದಿದ್ದರು. ಗಾಯದಿಂದಾಗಿ 1976ರ, ಬಹಿಷ್ಕಾರದಿಂದಾಗಿ 1980ರ ಒಲಿಂಪಿಕ್ಸ್ ಅವರ ಕೈತಪ್ಪಿದ್ದವು. ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನ ಬಡ್ ಬರಿಗಾಲಿನಲ್ಲಿ ಓಡುತ್ತಿದ್ದ ಹದಿಹರೆಯದ ಹುಡುಗಿ. 1984ರ ಆರಂಭದಲ್ಲಿ 5000 ಮೀಟರ್ ದೂರವನ್ನು 15 ನಿಮಿಷ 1.83 ಸೆಕೆಂಡುಗಳಲ್ಲಿ ಕ್ರಮಿಸಿ ಡೆಕರ್ ಅವರ ವಿಶ್ವದಾಖಲೆಯನ್ನು ಮೀರಿದರೂ, ವರ್ಣಭೇದ ನೀತಿಯ ಕಾರಣ ಅವರ ದೇಶವು ಅಂತರರಾಷ್ಟ್ರೀಯ ಕ್ರೀಡೆಯಿಂದ ಹೊರಗಿದ್ದುದರಿಂದ ಅದಕ್ಕೆ ಮಾನ್ಯತೆ ದೊರೆಯಲಿಲ್ಲ. ಅಜ್ಜನ ಮೂಲದ ಆಧಾರದ ಮೇಲೆ ತರಾತುರಿಯಲ್ಲಿ ದೊರೆತ ಬ್ರಿಟಿಷ್ ಪೌರತ್ವವು ವರ್ಣಭೇದ ವಿರೋಧಿಗಳ ಪ್ರತಿಭಟನೆಗೆ ಗುರಿಯಾಯಿತು. ಬಡ್ ತಮ್ಮ ಹಾಸಿಗೆಯ ಮೇಲ್ಭಾಗದ ಗೋಡೆಯಲ್ಲಿ ಅಂಟಿಸಿಕೊಂಡಿದ್ದುದು ಡೆಕರ್ ಅವರದೇ ಚಿತ್ರವೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಅಂತಿಮ ಓಟ

ಸುಮಾರು 1700 ಮೀಟರ್ ಕಳೆದಾಗ ಬಡ್ ತುಸು ಮುಂದಿದ್ದರು. ಡೆಕರ್ ಒಳಬದಿಯಲ್ಲಿ ಅವರಿಗೆ ಅತಿ ಸಮೀಪದಲ್ಲಿ ಓಡುತ್ತಿದ್ದರು. ಇಬ್ಬರ ಕಾಲುಗಳು ತಾಗಿದವು. ಬಡ್ ಸಮತೋಲನ ತಪ್ಪಿದರು, ಡೆಕರ್ ಅವರ ಶೂವಿನ ಮೊಳೆಗಳು ಬಡ್ ಅವರ ಕಾಲನ್ನು ಗೀರಿದವು, ಮರುಕ್ಷಣವೇ ಡೆಕರ್ ಒಳಗಿನ ಹುಲ್ಲಿನ ಮೇಲೆ ಬಿದ್ದರು. ಸೊಂಟಕ್ಕೆ ಪೆಟ್ಟಾಗಿ ಏಳಲಾಗಲಿಲ್ಲ. ಪ್ರೇಕ್ಷಕರ ಧಿಕ್ಕಾರದ ಕೂಗಿನ ನಡುವೆ ಓಟ ಮುಂದುವರಿಸಿದ ಬಡ್ ಏಳನೆಯವರಾದರು. ಚಿನ್ನವು ರೊಮೇನಿಯಾದ ಮರಿಚಿಕಾ ಪುಯಿಕಾ ಅವರ ಪಾಲಾಯಿತು.

ಓಟದ ಬಳಿಕ ಕ್ಷಮೆ ಕೋರಲು ಬಂದ ಬಡ್ ಅವರನ್ನು ಡೆಕರ್ ಮಾತನಾಡಿಸದೆ ಹಿಂದೆ ಕಳುಹಿಸಿದರು. ಸುದ್ದಿಗೋಷ್ಠಿಯಲ್ಲಿ ತಪ್ಪನ್ನು ಬಡ್ ಅವರ ಮೇಲೆಯೇ ಹೊರಿಸಿದರು. ಅಡ್ಡಿಪಡಿಸಿದ ಆರೋಪದ ಮೇಲೆ ಬಡ್ ಅವರನ್ನು ಮೊದಲು ಅನರ್ಹಗೊಳಿಸಲಾಯಿತಾದರೂ, ಚಿತ್ರೀಕರಣವನ್ನು ಪರಿಶೀಲಿಸಿದ ತೀರ್ಪುಗಾರರ ಮಂಡಳಿಯು ಆ ನಿರ್ಧಾರವನ್ನು ರದ್ದುಗೊಳಿಸಿತು. ನಿಯಮದ ದೃಷ್ಟಿಯಿಂದ ಪ್ರಕರಣ ಅಲ್ಲಿಗೆ ಮುಗಿದಿತ್ತು. ಆದರೆ ಹದಿನೆಂಟರ ಹರೆಯದ ಬಡ್ ಅವರಿಗೆ ಕೊಲೆ ಬೆದರಿಕೆಗಳು ಬಂದವು.

ಸಮಾಧಾನ

ಕೆಲವು ತಿಂಗಳ ನಂತರ ಡೆಕರ್ ಪತ್ರ ಬರೆದು ಬಡ್ ಅವರ ಕ್ಷಮೆ ಕೋರಿದರು. 1985ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಇಬ್ಬರೂ ಮತ್ತೆ ಎದುರಾದಾಗ ಡೆಕರ್ ಗೆದ್ದರು, ಬಡ್ ನಾಲ್ಕನೆಯವರಾದರು. ಭಾರಿ ಹಣ ನೀಡಿ ಏರ್ಪಡಿಸಿದ್ದ ಈ ಮರುಪಂದ್ಯವನ್ನು ರಾಜಿಯೆನ್ನುವುದಕ್ಕಿಂತ ವ್ಯಾಪಾರವೆನ್ನುವುದೇ ಸರಿ. ಬಡ್ ತಮ್ಮನ್ನು ಬೇಕೆಂದೇ ಬೀಳಿಸಲಿಲ್ಲ, ಗುಂಪಿನ ನಡುವೆ ಓಡುವ ಅನುಭವ ತಮಗಿಲ್ಲದಿದ್ದುದೇ ಕಾರಣ ಎಂದು ಡೆಕರ್ ಬಹಳ ವರ್ಷಗಳ ನಂತರ ಬಹಿರಂಗವಾಗಿ ಒಪ್ಪಿಕೊಂಡರು. ಸದಾ ಎಲ್ಲರಿಗಿಂತ ಮುಂದೆ ಒಂಟಿಯಾಗಿ ಓಡುತ್ತಿದ್ದವರ ಈ ಮಾತಿನಲ್ಲಿ ತಥ್ಯವಿದೆ.

2016ರಲ್ಲಿ ತೆರೆಕಂಡ ‘ದ ಫಾಲ್’ ಎಂಬ ಸಾಕ್ಷ್ಯಚಿತ್ರಕ್ಕಾಗಿ ಇಬ್ಬರೂ ಲಾಸ್ ಏಂಜಲೀಸ್ ಕೊಲಿಸಿಯಂ ಕ್ರೀಡಾಂಗಣದಲ್ಲಿ ಭೇಟಿಯಾದರು. ಅಂದಿನ ಓಟದ ಕುರಿತು ಮಾತನಾಡಿ, ಅದೇ ಟ್ರ್ಯಾಕ್‌ನಲ್ಲಿ ಜೊತೆಯಾಗಿ ನಿಧಾನವಾಗಿ ಓಡಿದರು.