ಸೀಟು ಸಿಕ್ತು, ರೂಮು?



ಪಿಜಿ ಅಡ್ಮಿಷನ್ ಸಮಯ ಬಂತು ಅಂದ್ರೆ ನಮ್ಮ ದೊಡ್ಡೇರಿ ಹೋಬಳಿ ಕಡೆ ಒಂದು ಮಾತು ವರ್ಷ ವರ್ಷವೂ ಕೇಳಿಬರುತ್ತೆ. "ತುಮಕೂರಲ್ಲೇ ಯೂನಿವರ್ಸಿಟಿ ಐತಲ್ಲಪ್ಪ, ಬೆಂಗ್ಳೂರಿಗೇ ಯಾಕೆ ಹೋಗ್ಬೇಕು ನಿಮ್ ಹುಡ್ಗ?" ಕೇಳೋರು ಎಲ್ಲರೂ ಕೆಟ್ಟವರಲ್ಲ. ಕೆಲವರು ಖರ್ಚಿನ ಚಿಂತೆಯಿಂದ ಕೇಳ್ತಾರೆ. ಇನ್ನು ಕೆಲವರಿಗೆ ಕೇರಿಯ ಮಕ್ಕಳು ಬೆಂಗಳೂರಿನಲ್ಲಿ ಎಂ.ಎ., ಎಂ.ಎಸ್ಸಿ. ಮಾಡೋದು ಅಂದ್ರೆ ಈಗಲೂ ಗಂಟಲಲ್ಲಿ ಇಳಿಯಲ್ಲ. ಇಬ್ಬರಿಗೂ ಸೇರಿಸಿ ಒಂದಿಷ್ಟು ಚರಿತ್ರೆ ಹೇಳೋಣ ಅಂತ ಇದನ್ನ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಬಿಡುವಿದ್ದಾಗ ಓದಿ.

ವಿಶ್ವವಿದ್ಯಾಲಯಗಳ ಚರಿತ್ರೆ ಬರೆಯೋರು ಕುಲಪತಿಗಳ ಹೆಸರು, ಕಟ್ಟಡದ ಶಂಕುಸ್ಥಾಪನೆ, ಘಟಿಕೋತ್ಸವ ಇವನ್ನ ಬರೀತಾರೆ. ನಮ್ಮ ಜನರ ಉನ್ನತ ಶಿಕ್ಷಣದ ಚರಿತ್ರೆಯನ್ನ ಹಾಗೆ ಬರೆಯೋಕೆ ಆಗಲ್ಲ. ಅದನ್ನ ಮೂರು ವಸ್ತುಗಳ ಮೇಲೆ ಬರೀಬೇಕು: ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು, ಬಾಡಿಗೆ ರೂಮು. ತರಗತಿಯ ಬೆಂಚು ನಾಲ್ಕನೆಯದು. ಯಾಕೆ ಅಂತ ಬಾಬಾಸಾಹೇಬರಿಂದಲೇ ಶುರು ಮಾಡ್ತೀನಿ.

1913ರ ಜುಲೈನಲ್ಲಿ ಅಂಬೇಡ್ಕರ್ ನ್ಯೂಯಾರ್ಕ್ ತಲುಪಿದಾಗ ಅವರಿಗೆ 22 ವರ್ಷ. ಬರೋಡಾದ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷಕ್ಕೆ. ಅದರಲ್ಲೇ ಊಟ, ಬಟ್ಟೆ, ಪುಸ್ತಕ, ಊರಿಗೆ ಕಳಿಸೋ ದುಡ್ಡು ಎಲ್ಲ. ಕೊಲಂಬಿಯಾದಲ್ಲಿ 1915ಕ್ಕೆ ಎಂ.ಎ. ಆಯ್ತು. 1916ರ ಮೇ 9ರಂದು ಅಲ್ಲಿನ ಮಾನವಶಾಸ್ತ್ರದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಇದನ್ನೆಲ್ಲ ಪ್ರತಿ ಏಪ್ರಿಲ್ 14ಕ್ಕೆ ಮೈಕಿನಲ್ಲಿ ಹೇಳ್ತೀವಿ. ಹೇಳದೇ ಬಿಡೋದು ರೂಮಿನ ವಿಷಯ. ನ್ಯೂಯಾರ್ಕಿನಲ್ಲಿ ಒಂದೆರಡು ಕಡೆ ಇದ್ದು ಆಮೇಲೆ ಅವರು ಲಿವಿಂಗ್‌ಸ್ಟನ್ ಹಾಲ್ ಅನ್ನೋ ಹಾಸ್ಟೆಲ್ಲಿಗೆ ಬಂದ್ರು. ಜೊತೆಗಿದ್ದೋರು ನವಲ್ ಭತೇನಾ ಅನ್ನೋ ಪಾರ್ಸಿ ಗೆಳೆಯ. ಇಬ್ಬರೂ ಕೊನೇತನಕ ಸ್ನೇಹಿತರಾಗೇ ಉಳಿದ್ರು.

ಈಗ 1917ಕ್ಕೆ ಬನ್ನಿ. ಸ್ಕಾಲರ್‌ಶಿಪ್ ಗಡುವು ಮುಗಿದು ಲಂಡನ್ನಿನ ಓದನ್ನ ಅರ್ಧಕ್ಕೇ ಬಿಟ್ಟು ಅಂಬೇಡ್ಕರ್ ವಾಪಸ್ ಬಂದರು. ಒಪ್ಪಂದದಂತೆ ಬರೋಡಾದಲ್ಲಿ ನೌಕರಿಗೆ ಸೇರಬೇಕು. ಇರೋಕೆ ಜಾಗ ಇಲ್ಲ. ಹಿಂದೂ ಹೋಟೆಲ್ಲುಗಳು ಸೇರಿಸಲ್ಲ. ಕೊನೆಗೆ ಒಂದು ಪಾರ್ಸಿ ತಂಗುದಾಣದಲ್ಲಿ ಪಾರ್ಸಿ ಹೆಸರು ಹೇಳ್ಕೊಂಡು ಉಳಿದ್ರು. ಹನ್ನೊಂದನೇ ದಿನ ದೊಣ್ಣೆ ಹಿಡಿದ ಪಾರ್ಸಿಗಳ ಗುಂಪು ಬಂದು ಹೊರಗೆ ಹಾಕ್ತು. ಅವತ್ತು ಅವರು ಪಾರ್ಕಿನಲ್ಲಿ ಕೂತು ರೈಲಿನ ಹೊತ್ತಿಗೆ ಕಾದಿದ್ದನ್ನ ತಾವೇ ಬರೆದಿದ್ದಾರೆ. ನ್ಯೂಯಾರ್ಕಿನಲ್ಲಿ ಪಾರ್ಸಿ ಜೊತೆ ಒಂದೇ ಕಡೆ ವಾಸ, ಬರೋಡಾದಲ್ಲಿ ಪಾರ್ಸಿಗಳಿಂದಲೇ ಬೀದಿಗೆ. ಮನುಷ್ಯ ಅವರೇ. ಡಿಗ್ರಿ ಮಾತ್ರ ಜಾಸ್ತಿ ಆಗಿತ್ತು. ಮುಂದೆ 1920ರಲ್ಲಿ ಅದೇ ಭತೇನಾ ಕೊಟ್ಟ ಸಾಲ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಸ್ವಂತ ಉಳಿತಾಯ ಎಲ್ಲ ಸೇರಿಸಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು.

ಅದೇ 1916ರ ಜುಲೈನಲ್ಲಿ ಇಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರ ಕೆಳಗೆ ಬಂತು. ಮೈಸೂರು ಸಂಸ್ಥಾನ ಮಾದರಿ ಸಂಸ್ಥಾನ ಅಂತ ಹೆಸರು ಮಾಡಿದ ಕಾಲ ಅದು. 1919ರಲ್ಲಿ ಮಿಲ್ಲರ್ ಸಮಿತಿ ವರದಿ ಕೊಡ್ತು, ಬ್ರಾಹ್ಮಣೇತರರಿಗೆ ಓದು ಮತ್ತು ನೌಕರಿಯಲ್ಲಿ ಪಾಲು ಬೇಕು ಅಂತ ಹೇಳ್ತು. ದೊಡ್ಡ ವಿಷಯವೇ, ನಾಲ್ವಡಿಯವರಿಗೆ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಬ್ರಾಹ್ಮಣೇತರ ಅನ್ನೋ ಆ ದೊಡ್ಡ ಕೊಡೆಯ ಕೆಳಗೆ ಮೊದಲು ನಿಂತವರು ಭೂಮಿ ಇದ್ದ ಜಾತಿಗಳು. ಕೊಡೆಯಿಂದ ಸೋರಿದ ನೀರು ನಮ್ಮ ಮೇಲೆ ಬಿತ್ತು. ಮಧುಗಿರಿಯ ಕೇರಿಗೆ ಆಗ ಎಂ.ಎ. ಅಲ್ಲ, ಒಂದನೇ ಕ್ಲಾಸಿನ ಬಾಗಿಲೇ ಗಟ್ಟಿಯಾಗಿ ತೆರೆದಿರಲಿಲ್ಲ.

ನಮಗೆ ನಿಜವಾದ ಬಾಗಿಲು 1944. ಅಂಬೇಡ್ಕರ್ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1942ರ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆ ಬಗ್ಗೆ ಸರ್ಕಾರಕ್ಕೆ ಉದ್ದದ ಮನವಿ ಕೊಟ್ಟರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಶುರುವಾಯ್ತು. ಇವತ್ತು ನಮ್ಮ ಮಕ್ಕಳು ಎಸ್‌ಎಸ್‌ಪಿ ಪೋರ್ಟಲ್ಲಿನಲ್ಲಿ ಒಟಿಪಿ ಬರ್ಲಿಲ್ಲ ಅಂತ ಸೈಬರ್ ಸೆಂಟರ್ ಮುಂದೆ ಕಾಯ್ತಾ ನಿಲ್ತಾರಲ್ಲ, ಆ ಸ್ಕಾಲರ್‌ಶಿಪ್ಪಿನ ಬೇರು ಅಲ್ಲಿದೆ. ತನ್ನ ಗಡುವು ಮುಗಿದು ಅರ್ಧಕ್ಕೇ ವಾಪಸ್ ಬಂದ ವಿದ್ಯಾರ್ಥಿಯೇ ಮುಂದೆ ಅಧಿಕಾರದಲ್ಲಿ ಕೂತು ಹಾಕಿದ ಬೇರು ಅದು. "ಸರ್ಕಾರ ಬಿಟ್ಟಿ ಕೊಡುತ್ತೆ" ಅನ್ನೋರಿಗೆ ಇದಕ್ಕಿಂತ ಬೇರೆ ಉತ್ತರ ನಾನು ಕೊಡಲ್ಲ.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯ್ತು. ತುಮಕೂರು ಜಿಲ್ಲೆಯ ಕಾಲೇಜುಗಳೂ ಅದರ ವ್ಯಾಪ್ತಿಗೆ ಸೇರಿದ್ದವು. ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹುಡುಗ ಬಿ.ಎ. ಮುಗಿಸಿದ ಮೇಲೆ ಮುಂದಿನ ದಾರಿ ಬೆಂಗಳೂರೇ. ಮಧುಗಿರಿಗೆ ರೈಲು ಇವತ್ತಿಗೂ ಇಲ್ಲ. ರಾಯದುರ್ಗ-ತುಮಕೂರು ಮಾರ್ಗದ ಕೆಲಸ ನಡೀತಾನೇ ಇದೆ, ನಮ್ಮ ಮೊಮ್ಮಕ್ಕಳಾದ್ರೂ ಹತ್ತಲಿ. ಹಾಗಾಗಿ ಬಸ್ಸು. ಕಡ್ಲೆಕಾಯಿ ಕೀಳೋ ಕೂಲಿ ದುಡ್ಡಲ್ಲಿ ಟಿಕೆಟ್ಟು. ಮೆಜೆಸ್ಟಿಕ್ಕಿನಲ್ಲಿ ಇಳಿದ ಮೇಲೆ ಅಲ್ಲಿಂದ ಶುರು ನಿಜವಾದ ಪ್ರಯಾಣ, ಎಲ್ಲಿ ಮಲಗೋದು?

ನಮ್ಮೋರು ಮಲಗಿದ್ದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲುಗಳಲ್ಲಿ. ಒಬ್ಬರ ಸೀಟಿನಲ್ಲಿ ಇನ್ನೊಬ್ಬ, ಮಗದೊಬ್ಬ. ನೆಲದ ಮೇಲೆ ಚಾಪೆ. ಊಟದ ಹೊತ್ತಿಗೆ ಒಂದು ತಟ್ಟೆಗೆ ಎರಡು ಕೈ. ಹಾಸ್ಟೆಲ್ಲಿನ ಊಟ ಹೇಗಿತ್ತು ಅಂತ ಹಳಬರನ್ನ ಕೇಳಿ, ಮುದ್ದೆಯ ಮಾತು ಬಂದ್ರೆ ಈಗಲೂ ನಗ್ತಾರೆ. ಅನಧಿಕೃತವಾಗಿ ಉಳಿದ ಆ ಹುಡುಗರ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಸಿಗಲ್ಲ. ಆದರೆ ಕರ್ನಾಟಕದ ದಲಿತ ಚಳವಳಿ ಹುಟ್ಟಿದ್ದರಲ್ಲಿ ಆ ಚಾಪೆಗಳ ಪಾಲು ದೊಡ್ಡದು.

ಅದಕ್ಕೆ ಸಾಕ್ಷಿ 1973ರ ನವೆಂಬರ್. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡ್ತಾ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದ್ರು. ಮಲ ಹೊರುವ ಪದ್ಧತಿಯನ್ನ ನಿಲ್ಲಿಸಿದ ಮಂತ್ರಿ ಅವರು. ಒಂದು ಪದಕ್ಕೆ ರಾಜ್ಯವೇ ಹೊತ್ತಿಕೊಳ್ತು. ಕಾಲೇಜುಗಳಿಂದ ಮೆರವಣಿಗೆ ಹೊರಟವು. ಹೊಡೆತ ಬಿದ್ದಿದ್ದು ದಲಿತ ವಿದ್ಯಾರ್ಥಿಗಳಿಗೆ, ಹಾಸ್ಟೆಲ್ಲುಗಳಿಗೆ ನುಗ್ಗಿ. ಬಸವಲಿಂಗಪ್ಪನವರು ಕೊನೆಗೆ ಮಂತ್ರಿ ಸ್ಥಾನ ಬಿಡಬೇಕಾಯ್ತು. ಊರಲ್ಲಿ ಜಾತಿ ಇರುತ್ತೆ, ನಗರದಲ್ಲಿ ಇರಲ್ಲ ಅಂತ ನಂಬಿ ಬಂದಿದ್ದ ಒಂದು ತಲೆಮಾರಿಗೆ ಆ ತಿಂಗಳು ಬೇರೇನೇ ಪಾಠ ಆಯ್ತು. ದೊಡ್ಡ ಊರಲ್ಲಿ ನಿನ್ನ ಕೇರಿ ಯಾರಿಗೂ ಗೊತ್ತಿರಲ್ಲ ಅಂತಾರೆ. ಹಾಸ್ಟೆಲ್ಲಿನ ವಿಳಾಸವೇ ಕೇರಿಯ ವಿಳಾಸ ಆಗಿತ್ತು. ಗಲಾಟೆ ಮಾಡೋರಿಗೆ ಹುಡುಕೋ ಕಷ್ಟವೂ ಇರಲಿಲ್ಲ.

ಆ ಹೊಡೆತದಿಂದಲೇ ಎದ್ದದ್ದು ದಲಿತ ಸಂಘರ್ಷ ಸಮಿತಿ. ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಎಲ್ಲ ಸೇರಿ ಕಟ್ಟಿದ್ದು. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದರು. ವಿದ್ಯಾರ್ಥಿ ದಿನಗಳಲ್ಲೇ ಬರೆದ ಪದ್ಯಗಳು 1975ರಲ್ಲಿ 'ಹೊಲೆಮಾದಿಗರ ಹಾಡು' ಆಗಿ ಬಂದವು. 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲ್ಲು, ಹಸಿವು, ಶ್ಮಶಾನದಲ್ಲಿ ಕೂತು ಓದಿದ್ದು ಎಲ್ಲ ಗೊತ್ತು. ಓದದೇ ಇದ್ದವರು ಓದಿ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀರಿ, ಆಮೇಲೆ ನಗು ನಿಂತುಹೋಗುತ್ತೆ.

ನನಗೆ ಅವರ ಪದ್ಯಗಳಷ್ಟೇ ಮುಖ್ಯ ಅನ್ಸೋದು ಅವರ ಪಿಎಚ್.ಡಿ. ವಿಷಯ: ಗ್ರಾಮದೇವತೆಗಳು. ಯೋಚಿಸಿ ನೋಡಿ. ಕನ್ನಡ ವಿಭಾಗ ಅಂದ್ರೆ ಪಂಪ, ರನ್ನ, ಶಾಸನ, ಛಂದಸ್ಸು. ಅಲ್ಲಿಗೆ ಕೇರಿಯ ಹುಡುಗ ತನ್ನ ಜೊತೆ ಮಾರಮ್ಮ, ಮಸಣಮ್ಮನ್ನ ಕರ್ಕೊಂಡು ಹೋದ. ನಮ್ಮ ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ತಮಟೆ ಬಡಿಯೋನಿಗೆ ಗೊತ್ತಿರೋ ಕತೆ, ಆಚರಣೆ, ಬೈಗುಳ ಎಲ್ಲ 'ಜ್ಞಾನ' ಅಂತ ಒಪ್ಪಿಕೊಳ್ಳಬೇಕಾದ ಪರಿಸ್ಥಿತಿ ಅಲ್ಲಿ ಬಂತು. ಸ್ನಾತಕೋತ್ತರ ಓದು ನಮಗೆ ಯಾಕೆ ಬೇಕು ಅಂದ್ರೆ ಇದಕ್ಕೂ ಬೇಕು. ಡಿಗ್ರಿವರೆಗೆ ಯಾರೋ ಬರೆದದ್ದನ್ನ ಓದಿ ಪಾಸಾಗ್ತೀವಿ. ಏನನ್ನ ಓದಬೇಕು, ಯಾವುದು ಪ್ರಶ್ನೆ ಅಂತ ನಾವೇ ಹೇಳೋ ಅವಕಾಶ ಸಿಗೋದು ಅದರ ಮೇಲಿನ ಮೆಟ್ಟಿಲಲ್ಲಿ. 1916ರಲ್ಲಿ ಕೊಲಂಬಿಯಾದ ಸೆಮಿನಾರಿನಲ್ಲಿ ಆಗಿದ್ದೂ ಅದೇ.

ನಮ್ಮ ಜಿಲ್ಲೆಯ ಕಡೆಯೂ ಈ ಪೀಳಿಗೆ ಕೆಲಸ ಮಾಡ್ತು. ತುಮಕೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ 'ಬಕಾಲ'ದ ಕವಿ ಕೆ.ಬಿ. ಸಿದ್ದಯ್ಯನವರ ಹಿಂದೆ ಎಷ್ಟು ಹುಡುಗರು ಓಡಾಡಿ ಬೆಳೆದ್ರು ಅಂತ ತುಮಕೂರಿನವರನ್ನ ಕೇಳಿ. ಶಿರಾ ತಾಲ್ಲೂಕಿನ ಬರಗೂರಿನಿಂದ ಹೋದ ರಾಮಚಂದ್ರಪ್ಪನವರು ಬೆಂಗಳೂರು ವಿವಿಯಲ್ಲಿ ಪ್ರಾಧ್ಯಾಪಕರಾದ್ರು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟೋದರಲ್ಲಿ ಮುಂದೆ ನಿಂತ್ರು. ಅವರು ದಲಿತರಲ್ಲ, ಆದರೆ ನಮ್ಮ ಕಡೆಯಿಂದ ಹೋದ ಹುಡುಗರಿಗೆ ಅದೇ ಕ್ಯಾಂಪಸ್ಸಿನಲ್ಲಿ ನಮ್ಮೂರ ಭಾಷೆ ಆಡೋ ಒಬ್ಬ ಮೇಷ್ಟ್ರು ಇದ್ದಾರೆ ಅನ್ನೋದೇ ಒಂದು ಧೈರ್ಯ.

ಈಗ ನಮ್ಮೊಳಗಿನ ಮಾತು. ಈ ಚರಿತ್ರೆಯಲ್ಲಿ ನಾನು ಹೇಳಿದ ದೊಡ್ಡ ಹೆಸರುಗಳಲ್ಲಿ ಒಂದೂ ಹೆಣ್ಣುಮಗಳದ್ದಲ್ಲ. ಗಂಡು ಹುಡುಗನಿಗೆ ಇನ್ನೊಬ್ಬನ ಚಾಪೆಯಲ್ಲಿ ಜಾಗ ಸಿಗ್ತಿತ್ತು, ಬಸ್ ಸ್ಟ್ಯಾಂಡಲ್ಲಾದ್ರೂ ರಾತ್ರಿ ಕಳೀತಿದ್ದ. ಹೆಣ್ಣುಮಗಳು ಏನು ಮಾಡಬೇಕಿತ್ತು? ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬಂದರೆ ಓದು, ಬರದಿದ್ದರೆ ಮದುವೆ. ಹಾಗೇನೇ, ನಮ್ಮ ಭಾಗದಲ್ಲಿ ಮಾದಿಗರು ದೊಡ್ಡ ಸಂಖ್ಯೆಯಲ್ಲಿದ್ದರೂ ಎಂ.ಎ. ಮೆಟ್ಟಿಲು ಹತ್ತಿದವರಲ್ಲಿ ಅವರ ಪಾಲು ಎಷ್ಟು ಅನ್ನೋ ಪ್ರಶ್ನೆಯನ್ನ ದಶಕಗಳ ಕಾಲ ಕೇಳಿ ಕೇಳಿ ಗಂಟಲು ಒಣಗಿಸಿಕೊಂಡಿದ್ದೀವಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿ ಮಾಡಬಹುದು ಅಂತು. 2025ರ ಆಗಸ್ಟಿನಲ್ಲಿ ರಾಜ್ಯ ಸರ್ಕಾರ 6, 6, 5 ಅಂತ ಹಂಚಿಕೆ ಹೇಳ್ತು. ಆ ಹಂಚಿಕೆ ಬಗ್ಗೆ ಅಲೆಮಾರಿ ಬಂಧುಗಳ ತಕರಾರು ನ್ಯಾಯವಾದದ್ದು, ಅದನ್ನ ಇನ್ನೊಂದು ದಿನ ಬರೀತೀನಿ.

2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಬಂತು. ಒಳ್ಳೇದೇ ಆಯ್ತು. ಊರಿಂದ ಬಸ್ಸಲ್ಲಿ ಹೋಗಿ ಬಂದು ಎಂ.ಎ. ಮುಗಿಸಿದ ಹೆಣ್ಣುಮಕ್ಕಳನ್ನ ನಾನು ಕಂಡಿದ್ದೀನಿ, ಅವರಲ್ಲಿ ಎಷ್ಟೋ ಜನ ಬೆಂಗಳೂರೊಂದೇ ದಾರಿ ಆಗಿದ್ರೆ ಓದ್ತಾನೇ ಇರಲಿಲ್ಲ. ಆದರೆ ಹತ್ತಿರದ ಯೂನಿವರ್ಸಿಟಿ ನಮಗೆ ಇನ್ನೊಂದು ದಾರಿ ಆಗಬೇಕೇ ಹೊರತು ಬೇಲಿ ಆಗಬಾರದು. ದೊಡ್ಡ ನಗರದಲ್ಲಿ ಇರೋ ಲೈಬ್ರರಿ, ಲ್ಯಾಬು, ಸಂಜೆಯ ಉಪನ್ಯಾಸ, ಬೇರೆ ರಾಜ್ಯದ ಗೆಳೆಯರು, ಫೆಲೋಶಿಪ್ಪಿನ ಸುದ್ದಿ ಇವೆಲ್ಲ ಮಧುಗಿರಿ ಬಸ್ಸಿಗೆ ಹತ್ತಿ ಬರಲ್ಲ. ಬೇರೆ ಜಾತಿಯವರ ಮಕ್ಕಳು ಬೆಂಗಳೂರು, ದೆಹಲಿ, ಅಮೆರಿಕ ಅಂತ ಹೊರಟಾಗ "ತುಮಕೂರಲ್ಲೇ ಐತಲ್ಲಪ್ಪ" ಅಂತ ಯಾರೂ ಕೇಳಲ್ಲ ಅನ್ನೋದನ್ನೂ ಗಮನಿಸಿ.

ಹಾಗಂತ ದೊಡ್ಡ ನಗರದ ಕ್ಯಾಂಪಸ್ಸನ್ನ ಸ್ವರ್ಗ ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲನಿಗೆ ಏಳು ತಿಂಗಳ ಫೆಲೋಶಿಪ್ ಬರಬೇಕಿತ್ತು. ಅವನನ್ನೂ ಗೆಳೆಯರನ್ನೂ ಹಾಸ್ಟೆಲ್ ರೂಮಿನಿಂದ ಹೊರಗೆ ಹಾಕಿದ್ರು. ಹಾಸಿಗೆ ಗಂಟು, ಅಂಬೇಡ್ಕರ್ ಫೋಟೋ ಹಿಡ್ಕೊಂಡು ಹೊರಬಂದ ಆ ಹುಡುಗರು ಕ್ಯಾಂಪಸ್ಸಿನ ಬಯಲಲ್ಲಿ ಟೆಂಟ್ ಹಾಕ್ಕೊಂಡು ಅದಕ್ಕೆ ವೆಲಿವಾಡ ಅಂತ ಹೆಸರಿಟ್ಟರು. ತೆಲುಗು ಬರೋ ನಮ್ಮ ಪಾವಗಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ, ಊರಾಚೆಯ ಕೇರಿ. 2016ರ ಜನವರಿ 17ರಂದು ರೋಹಿತ್ ಹೋದ. 1917ರ ಬರೋಡಾಕ್ಕೂ ಇದಕ್ಕೂ ನಡುವೆ 99 ವರ್ಷ. ಮತ್ತೆ ಅದೇ ಸ್ಕಾಲರ್‌ಶಿಪ್ಪು, ಅದೇ ರೂಮು.

ಇವತ್ತಿಗೂ ಲೆಕ್ಕ ಹಾಗೇ ಇದೆ. ಅಡ್ಮಿಷನ್ ಫೀಜು ಕಟ್ಟಬೇಕಾದ್ದು ಸೇರೋ ದಿನ, ಸ್ಕಾಲರ್‌ಶಿಪ್ ಬರೋದು ಯಾವಾಗಲೋ. ಹಾಸ್ಟೆಲ್ ಪಟ್ಟಿ ಬರೋ ಹೊತ್ತಿಗೆ ಕ್ಲಾಸು ಶುರುವಾಗಿ ವಾರಗಳಾಗಿರುತ್ತೆ. ಉತ್ತರ ಪ್ರದೇಶದ ದಲಿತ ಹುಡುಗನೊಬ್ಬ 17,500 ರೂಪಾಯಿಯನ್ನ ಗಡುವಿನೊಳಗೆ ಕಟ್ಟೋಕಾಗದೆ ಧನಬಾದ್ ಐಐಟಿ ಸೀಟು ಕಳಕೊಂಡು, 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಾಪಸ್ ಪಡೆದ. ಎಲ್ಲರಿಗೂ ಸುಪ್ರೀಂ ಕೋರ್ಟ್ ಸಿಗಲ್ಲ. ನಮ್ಮ ಹೋಬಳಿಯ ಒಬ್ಬ ಮಗಳು ಹಿಂದೊಮ್ಮೆ ಸೀಟು ಸಿಕ್ಕರೂ ಮೊದಲ ಒಂದೂವರೆ ತಿಂಗಳು ಇರೋಕೆ ಜಾಗ ಇಲ್ಲದೆ ವಾಪಸ್ ಬಂದ್ಳು. ಬಾಡಿಗೆ ರೂಮು ಕೇಳೋಕೆ ಹೋದಲ್ಲೆಲ್ಲ ಮೊದಲ ಪ್ರಶ್ನೆ "ನೀವು ಯಾವ ಪೈಕಿ?" ಎರಡನೇದು ಅಡ್ವಾನ್ಸು.

ಆದ್ದರಿಂದ ಈ ಸಲ ಬೆಂಗಳೂರಿಗೆ ಹೊರಟಿರೋ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳೇ, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಈಗಲೇ ಸರಿಯಾಗಿದೆಯಾ ನೋಡಿಕೊಳ್ಳಿ. ಆಧಾರಿಗೆ ಬ್ಯಾಂಕ್ ಖಾತೆ ಜೋಡಣೆ ಆಗಿದೆಯಾ ಕೇಳಿ. ಹಾಸ್ಟೆಲ್ ಅರ್ಜಿ ಕರೆದ ದಿನವೇ ಹಾಕಿ. ಬೆಂಗಳೂರಲ್ಲಿ ಈಗಾಗಲೇ ಓದ್ತಿರೋ, ಕೆಲಸ ಮಾಡ್ತಿರೋ ನಮ್ಮ ಕಡೆಯವರು ಒಂದೆರಡು ತಿಂಗಳ ಮಟ್ಟಿಗೆ ಯಾರನ್ನಾದ್ರೂ ಇಟ್ಕೊಳ್ಳೋ ಹಾಗಿದ್ರೆ ನನಗೆ ಮೆಸೇಜ್ ಮಾಡಿ, ಪಟ್ಟಿ ಮಾಡ್ತಿದ್ದೀನಿ. ಹೆಣ್ಣುಮಕ್ಕಳಿಗೆ ಜಾಗ ಕೊಡೋ ಮನೆಗಳು ಮೊದಲು ಬೇಕು. ಸದ್ಯಕ್ಕೆ ನಾಲ್ಕು ಮನೆ ಸಿಕ್ಕಿವೆ.