ಕ್ರೀಡಾಪ್ರಸಾರದ ಅಂಕಪಟ್ಟಿಯೂ ಕನ್ನಡ ವಿಭಕ್ತಿಗಳೂ

ಕ್ರಿಕೆಟ್ಟಿನ ಚರಿತ್ರೆಯನ್ನು ಬರೆದವರು ದಾಂಡಿಗರನ್ನೂ ಬೌಲರುಗಳನ್ನೂ ಕುರಿತು ವಿಸ್ತಾರವಾಗಿ ಬರೆದಿರುವರು. ಪ್ರತಿಯೊಂದು ಎಸೆತವನ್ನೂ ಗುರುತಿಟ್ಟುಕೊಳ್ಳುವ ಸ್ಕೋರರನ ವಿಷಯವಾಗಿ ಅಷ್ಟು ಬರೆದಂತೆ ತೋರುವುದಿಲ್ಲ. ಅವನ ಲೆಕ್ಕವು ದೂರದರ್ಶನದ ಪರದೆಯ ಮೇಲೆ ತಾನಾಗಿಯೇ ಮೂಡುವಂತಾದುದು ಹೇಗೆ, ಅದರಿಂದ ಕನ್ನಡಕ್ಕೆ ಒದಗಿದ ತೊಡಕೇನು ಎಂಬುದು ಭಾಷಾಭ್ಯಾಸಿಗಳು ವಿಚಾರಿಸತಕ್ಕ ಸಂಗತಿಯಾಗಿದೆ.

ಧಾರವಾಡದ ಆಕಾಶವಾಣಿ ಕೇಂದ್ರವು 1950ನೆಯ ಜನವರಿ 8ರಂದು ಆರಂಭವಾಯಿತು. ಬಾನುಲಿಯಲ್ಲಿ ಅಂಕೆಗಳು ವಾಚಕನ ಬಾಯಲ್ಲಿಯೇ ಇರುತ್ತವೆ. ಯಾವ ಹೆಸರಿಗೆ ಯಾವ ಪ್ರತ್ಯಯವೆಂಬುದನ್ನು ಅವನ ನಾಲಗೆಯೇ ಬಲ್ಲದು. ಪರದೆಗೆ ಈ ಸೌಕರ್ಯವಿಲ್ಲ. ದೂರದರ್ಶನದ ಮೊದಲ ಕಾಲದಲ್ಲಿ ರಟ್ಟಿನ ಮೇಲೆ ಬರೆದ ಅಕ್ಷರಗಳನ್ನು ಕ್ಯಾಮರಾದ ಮುಂದೆ ಹಿಡಿಯುತ್ತಿದ್ದರು. 1970ರ ದಶಕದಲ್ಲಿ ಕ್ಯಾರೆಕ್ಟರ್ ಜನರೇಟರ್ ಎಂಬ ಯಂತ್ರಗಳು ಬಳಕೆಗೆ ಬಂದವು. ಆಗಲೂ ಒಬ್ಬನು ಕುಳಿತು ಅಕ್ಷರಗಳನ್ನು ಒತ್ತಬೇಕಾಗಿದ್ದಿತು. ಆಮೇಲೆ ಗಣಕವು ಬಂದು ಸ್ಕೋರರನ ದಾಖಲೆಗೂ ಪರದೆಗೂ ನೇರವಾದ ಸಂಬಂಧವನ್ನು ಕಲ್ಪಿಸಿತು. ಪಟ್ಟಿಯ ವಿನ್ಯಾಸವನ್ನು ಮೊದಲೇ ರಚಿಸಿ ಹೆಸರಿಗೂ ಅಂಕೆಗೂ ತೆರವಾದ ಸ್ಥಳಗಳನ್ನು ಬಿಟ್ಟಿರುತ್ತಾರೆ. ಎಸೆತವೊಂದು ಮುಗಿದು ಫಲವು ದಾಖಲಾದೊಡನೆ ಗಣಕವು ಮೊತ್ತವನ್ನೂ ಸರಾಸರಿಯನ್ನೂ ತಾನೇ ಎಣಿಸಿ ಆ ತೆರವುಗಳನ್ನು ತುಂಬುತ್ತದೆ. ಒಂದು ಲೆಗ್ ಬೈ ದಾಂಡಿಗನ ಓಟವೆಂದು ದಾಖಲಾದರೆ ಆ ತಪ್ಪು ಎಲ್ಲ ಪಟ್ಟಿಗಳಿಗೂ ಹರಿಯುವುದು. ಕ್ರಿಕೆಟ್ ನಿಯಮಗಳಲ್ಲಿ 3ನೆಯದು ಇಬ್ಬರು ಸ್ಕೋರರುಗಳಿದ್ದು ಪರಸ್ಪರ ತಾಳೆ ನೋಡಬೇಕೆಂದು ವಿಧಿಸುವುದು ವ್ಯರ್ಥವಲ್ಲ.

ಬರಿಯ ಅಂಕೆಗಳಿಗೆ ವ್ಯಾಕರಣದ ಗೊಡವೆಯಿಲ್ಲ. ಗದಗಿನಿಂದ ಹುಬ್ಬಳ್ಳಿಗೆ ಬಂದು ಆಟವನ್ನು ಅಭ್ಯಾಸಮಾಡುತ್ತಿದ್ದ ಸುನೀಲ ಜೋಶಿಯವರು 1999ನೆಯ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಗಳಿಸಿದ ಫಲವನ್ನು 10-6-6-5 ಎಂದು ಬರೆದರೆ ಸಾಕು: ಹತ್ತು ಓವರು, ಆರು ಮೇಡನ್, ಆರು ಓಟ, ಐದು ಹುದ್ದರಿ. ಯಾವ ಭಾಷೆಯವನೂ ಓದಿಕೊಳ್ಳಬಲ್ಲನು. ಆದರೆ ‘ಜೋಶಿಗೆ ಐದು ಹುದ್ದರಿ’ ಎಂಬ ಮೂರು ಮಾತುಗಳನ್ನು ಯಂತ್ರದಿಂದ ಬರೆಯಿಸಹೊರಟರೆ ತೊಡಕು ಕಾಣಿಸಿಕೊಳ್ಳುತ್ತದೆ. ಇದೇ ಅಚ್ಚಿನಲ್ಲಿ ‘ವಿಶ್ವನಾಥ’ ಎಂದು ತುಂಬಿದರೆ ‘ವಿಶ್ವನಾಥಗೆ’ ಎಂದಾಗುವುದು; ಬೇಕಾದುದು ‘ವಿಶ್ವನಾಥನಿಗೆ’. ಷಷ್ಠಿಯಲ್ಲಿ ‘ಜೋಶಿಯ’ ಎಂದು ಯಕಾರಾಗಮ, ‘ಗುರುವಿನ’ ಎಂಬಲ್ಲಿ ವಕಾರ. ಯಕಾರ ವಕಾರಗಳ ಆಗಮವನ್ನು ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ಸೂತ್ರಿಸಿರುವನು. ಅವುಗಳನ್ನು ಯಂತ್ರಕ್ಕೆ ತಿಳಿಯುವಂತೆ ಬರೆಯುವುದೇ ಉಳಿದ ಕೆಲಸ.

ಲಿಪಿಯ ಪ್ರಶ್ನೆಯು ಇದಕ್ಕಿಂತ ಮೊದಲೇ ಪರಿಹಾರದ ದಾರಿಯನ್ನು ಹಿಡಿಯಿತು. 1991ರ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶವಿಲ್ಲದೆಡೆಯಲ್ಲಿ ಮಾತ್ರ ‘ಕುಂಬ್ಳೆ’ ಎಂಬ ಹೆಸರು ಒಡೆದು ತೋರುವುದುಂಟು. 2018ರಲ್ಲಿ ಸ್ಟಾರ್ ಸಂಸ್ಥೆಯು ಕನ್ನಡ ಕ್ರೀಡಾವಾಹಿನಿಯನ್ನು ಆರಂಭಿಸಿದ ಮೇಲೆ ಇವೆಲ್ಲವೂ ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ವಿಚಾರಗಳಾಗಿ ಉಳಿಯಲಿಲ್ಲ.

ವಿಭಕ್ತಿಯ ತೊಡಕಿಗೆ ಒಂದು ಸುಲಭೋಪಾಯವುಂಟು: ಹೆಸರಿನ ಮುಂದೆ ‘ಅವರಿಗೆ’ ಎಂದು ಬಿಡಿಸಿ ಬರೆಯುವುದು. ಗೌರವವೂ ಆಯಿತು, ಸಂಧಿಯೂ ತಪ್ಪಿತು. ಇನ್ನೊಂದು ಲಾಭವೂ ಇದೆ. ವಿಜಯಪುರದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ಮೇಲೆ 15 ಓಟಗಳಿಗೆ 5 ಹುದ್ದರಿ ಪಡೆದರು. ದಾಖಲೆಯಲ್ಲಿ ಲಿಂಗವನ್ನು ಗುರುತಿಸದಿದ್ದರೆ ‘ಪಡೆದನು’ ಎಂಬ ಅಪಭ್ರಂಶಕ್ಕೆ ಎಡೆಯಾಗುವುದು. ‘ಪಡೆದರು’ ಎಂಬುದರಿಂದ ಆ ಭಯವಿಲ್ಲ. ಆದರೆ ಪರದೆಯ ಕೆಳಗಣ ಪಟ್ಟಿಯು ಕಿರಿದು. ‘ಅವರಿಗೆ’ ಎಂಬ ನಾಲ್ಕು ಅಕ್ಷರಗಳಿಗೆ ಅಲ್ಲಿ ಎಡೆ ಸಿಕ್ಕುವುದು ಕಷ್ಟ. ಆದಕಾರಣ ಆಟಗಾರನ ಹೆಸರಿನೊಡನೆಯೇ ಅದರ ವಿಭಕ್ತಿರೂಪಗಳನ್ನೂ ಲಿಂಗವನ್ನೂ ಮೊದಲೇ ಬರೆದಿಡುವುದು ಮೇಲೆಂದು ನನ್ನ ಅಭಿಪ್ರಾಯ. 2023ರಲ್ಲಿ ಮಹಾರಾಜ ಟ್ರೋಫಿಯನ್ನು ಗೆದ್ದ ಹುಬ್ಬಳ್ಳಿ ಟೈಗರ್ಸ್‌ನಂತಹ ಒಂದು ತಂಡದ ಹೆಸರುಗಳಿಗೆ ಈ ಕೆಲಸವನ್ನು ವ್ಯಾಕರಣ ಬಲ್ಲ ಒಬ್ಬ ಅಧ್ಯಾಪಕನು ಒಂದು ಸಂಜೆಯಲ್ಲಿ ಮುಗಿಸಬಹುದು.